ಮೊಬೈಲ್ ಟಿಪ್ಪಣಿಗಳ ಬ್ಯಾಕಪ್ ಮತ್ತು ಮರುಸ್ಥಾಪನೆ: ವರ್ತಕರು ತಿಳಿದಿರಬೇಕಾದ ಅಂಶಗಳು

ಹಿಂದೆ ವರ್ತಕರ ಅಂಗಿಯ ಜೇಬಿನಲ್ಲಿ ಒಂದು ಚಿಕ್ಕ ನೋಟುಪುಸ್ತಕ ಇರುತ್ತಿತ್ತು. ಗಿರಾಕಿಗಳು ಬಾಯಿಮಾತಿನಲ್ಲಿ ಕೊಟ್ಟ ಆರ್ಡರು, ಒಪ್ಪಿಕೊಂಡ ದರ, ಲಾರಿಯ ಸಂಖ್ಯೆ, ಕೈಗಡವಾಗಿ ಕೊಟ್ಟ ಹಣ ಇವೆಲ್ಲವೂ ಅದರಲ್ಲಿ ಸೇರುತ್ತಿದ್ದವು. ಸಂಜೆ ಅಂಗಡಿ ಮುಚ್ಚುವ ಮುನ್ನ ಗುಮಾಸ್ತರು ಅವನ್ನು ರೋಜು ಪುಸ್ತಕಕ್ಕೆ ಏರಿಸುತ್ತಿದ್ದರು. ಇಂದು ಆ ನೋಟುಪುಸ್ತಕದ ಸ್ಥಾನವನ್ನು ಗೂಗಲ್ ಕೀಪ್, ಎವರ್‌ನೋಟ್, ಮೈಕ್ರೋಸಾಫ್ಟ್ ಒನ್‌ನೋಟ್, ಆ್ಯಪಲ್ ನೋಟ್ಸ್ ಮುಂತಾದ ತಂತ್ರಾಂಶಗಳು ಆಕ್ರಮಿಸಿವೆ. ಮೊಬೈಲಿನಲ್ಲಿ ಬರೆದದ್ದು ಕ್ಷಣಾರ್ಧದಲ್ಲಿ ಕಚೇರಿಯ ಕಂಪ್ಯೂಟರಿನಲ್ಲಿಯೂ ಕಾಣಿಸುತ್ತದೆ. ಈ ಸೌಲಭ್ಯವನ್ನು ಕಂಡು, ತಮ್ಮ ಟಿಪ್ಪಣಿಗಳು ಎರಡು ಮೂರು ಕಡೆ ಸುರಕ್ಷಿತವಾಗಿವೆ ಎಂದು ಬಹುತೇಕ ಉದ್ದಿಮೆದಾರರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಅದರಿಂದಾಗಬಹುದಾದ ನಷ್ಟವು ಕೇವಲ ನೆನಪಿನ ನಷ್ಟವಾಗಿರದೆ ಹಣದ ನಷ್ಟವೂ ಆಗಬಹುದು.

ಸಿಂಕ್ ಮತ್ತು ಬ್ಯಾಕಪ್ ನಡುವಣ ವ್ಯತ್ಯಾಸ

ಸಿಂಕ್ ಎಂದರೆ ಒಂದೇ ಟಿಪ್ಪಣಿಯನ್ನು ಹಲವು ಉಪಕರಣಗಳಲ್ಲಿ ಏಕರೂಪವಾಗಿ ಇರಿಸುವ ವ್ಯವಸ್ಥೆ. ಬ್ಯಾಕಪ್ ಎಂದರೆ ಒಂದು ನಿರ್ದಿಷ್ಟ ದಿನದಂದು ಇದ್ದ ಸ್ಥಿತಿಯ ಪ್ರತ್ಯೇಕ ನಕಲು. ಮೂಲದಲ್ಲಿ ಮುಂದೆ ಆಗುವ ಬದಲಾವಣೆ ಇದನ್ನು ಮುಟ್ಟುವುದಿಲ್ಲ. ಕನ್ನಡಿಯಲ್ಲಿನ ಬಿಂಬಕ್ಕೂ ಛಾಯಾಚಿತ್ರಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಎದುರಿನ ವಸ್ತುವನ್ನು ತೆಗೆದರೆ ಕನ್ನಡಿಯ ಬಿಂಬ ಮಾಯವಾಗುತ್ತದೆ, ಛಾಯಾಚಿತ್ರ ಉಳಿಯುತ್ತದೆ. ಸಿಂಕ್ ವ್ಯವಸ್ಥೆಯಲ್ಲಿ ಬರವಣಿಗೆಯಂತೆಯೇ ತಪ್ಪೂ ಅಳಿಸುವಿಕೆಯೂ ಎಲ್ಲ ಉಪಕರಣಗಳಿಗೆ ಅಷ್ಟೇ ವೇಗದಲ್ಲಿ ತಲುಪುತ್ತವೆ.

ಒಂದು ಕಾಲ್ಪನಿಕ ನಿದರ್ಶನವನ್ನು ಗಮನಿಸಬಹುದು. ಪೀಣ್ಯದ ಒಂದು ಸಣ್ಣ ಯಂತ್ರಭಾಗ ತಯಾರಿಕಾ ಘಟಕದಲ್ಲಿ, ಯಾವ ಚಲನ್ ಮೂಲಕ ಎಷ್ಟು ಬಿಡಿಭಾಗಗಳನ್ನು ಯಾರಲ್ಲಿಗೆ ಪ್ಲೇಟಿಂಗ್‌ಗೆ ಕಳುಹಿಸಲಾಯಿತು, ಯಾವ ದಿನ ಎಷ್ಟು ಹಿಂದಿರುಗಿದವು ಎಂಬುದನ್ನು ಮೇಲ್ವಿಚಾರಕರು ತಮ್ಮ ಸ್ವಂತ ಗೂಗಲ್ ಖಾತೆಯ ಕೀಪ್ ಟಿಪ್ಪಣಿಯಲ್ಲಿ ಬರೆದು ಮಾಲೀಕರೊಡನೆ ಹಂಚಿಕೊಂಡಿದ್ದಾರೆ. ಅವರು ಕೆಲಸ ಬಿಟ್ಟು ಹೋಗುವಾಗ ತಮ್ಮ ಮೊಬೈಲನ್ನು ಶುಚಿಗೊಳಿಸುವ ಉದ್ದೇಶದಿಂದ ಹಳೆಯ ಟಿಪ್ಪಣಿಗಳನ್ನೆಲ್ಲ ಅಳಿಸುತ್ತಾರೆ. ಇದರಲ್ಲಿ ದುರುದ್ದೇಶವಿಲ್ಲ. ಆದರೆ ಹಂಚಿಕೊಂಡ ಟಿಪ್ಪಣಿಯನ್ನು ಅದರ ಒಡೆಯರು ಅಳಿಸಿದರೆ ಅದು ಎಲ್ಲರ ಖಾತೆಯಿಂದಲೂ ಮರೆಯಾಗುತ್ತದೆ. ಕೀಪ್‌ನ ಟ್ರ್ಯಾಶ್ ಬುಟ್ಟಿಯಲ್ಲಿ ಅದು 7 ದಿನ ಮಾತ್ರ ಇರುತ್ತದೆ. ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆ ನೋಡಲು ಕುಳಿತ ಮಾಲೀಕರಿಗೆ ನೋಡಲು ಏನೂ ಉಳಿದಿರುವುದಿಲ್ಲ.

ಪರಿಣಾಮ ಇಲ್ಲಿಗೇ ನಿಲ್ಲುವುದಿಲ್ಲ. ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 143ನೇ ಕಲಮಿನ ಪ್ರಕಾರ ಜಾಬ್ ವರ್ಕ್‌ಗೆ ತೆರಿಗೆಯಿಲ್ಲದೆ ಕಳುಹಿಸಿದ ಸರಕು ಸಾಮಾನ್ಯವಾಗಿ 1 ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ವಿಲೇವಾರಿಯಾಗಬೇಕು. ತಪ್ಪಿದಲ್ಲಿ ಕಳುಹಿಸಿದ ದಿನವೇ ಸರಬರಾಜು ಆಯಿತೆಂದು ಪರಿಗಣಿಸಲಾಗುತ್ತದೆ. ಚಲನ್ ಪುಸ್ತಕದಲ್ಲಿ ಹೊರಹೋದ ಲೆಕ್ಕ ಇದ್ದರೂ, ಕಂತು ಕಂತಾಗಿ ಹಿಂದಿರುಗಿದ ಲೆಕ್ಕ ಆ ಟಿಪ್ಪಣಿಯಲ್ಲಿ ಮಾತ್ರ ಇದ್ದಿದ್ದರೆ ತೆರಿಗೆ ಮತ್ತು ಬಡ್ಡಿಯ ಹೊರೆ ಬೀಳುವ ಸಂಭವವಿದೆ.

ಟಿಪ್ಪಣಿಗಳು ಕಳೆದುಹೋಗುವ ಬಗೆಗಳು

1. ಅಳಿಸುವಿಕೆ: ಕೀಪ್‌ನಲ್ಲಿ 7 ದಿನ, ಆ್ಯಪಲ್ ನೋಟ್ಸ್‌ನಲ್ಲಿ ಸುಮಾರು 30 ದಿನ, ಒನ್‌ನೋಟ್‌ನ ನೋಟ್‌ಬುಕ್ ರಿಸೈಕಲ್ ಬಿನ್‌ನಲ್ಲಿ 60 ದಿನ ಅಳಿಸಿದ ಟಿಪ್ಪಣಿಗಳು ಉಳಿಯುತ್ತವೆ. ಅವಧಿ ಮುಗಿದ ಮೇಲೆ ಅವು ಸಿಗುವುದಿಲ್ಲ.

2. ಖಾತೆಯ ನಷ್ಟ: ಪಾಸ್‌ವರ್ಡ್ ಮರೆತು, ಅದಕ್ಕೆ ಜೋಡಿಸಿದ್ದ ಹಳೆಯ ಮೊಬೈಲ್ ಸಂಖ್ಯೆಯೂ ಕೈಬಿಟ್ಟುಹೋಗಿದ್ದರೆ ಖಾತೆಯನ್ನು ಮರಳಿ ಪಡೆಯುವುದು ಕಷ್ಟ. 2 ವರ್ಷಗಳ ಕಾಲ ಬಳಕೆಯಾಗದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನೀತಿಯನ್ನು ಗೂಗಲ್ ಸಂಸ್ಥೆ 2023ರಲ್ಲಿ ಪ್ರಕಟಿಸಿತು. ಮಾಲೀಕರು ಕಾಲವಾದ ನಂತರ ಅವರ ಖಾತೆ ಮುಟ್ಟದೆ ಉಳಿದರೆ ಈ ನೀತಿ ಅನ್ವಯವಾಗಬಹುದೆಂಬುದನ್ನು ಕುಟುಂಬದ ಸಂಸ್ಥೆಗಳು ವಿಶೇಷವಾಗಿ ಗಮನಿಸಬೇಕು.

3. ಸೇವೆಯ ಬದಲಾವಣೆ: ಕ್ಯಾಚ್ ಎಂಬ ಟಿಪ್ಪಣಿ ಸೇವೆ 2013ರಲ್ಲಿಯೂ ಸ್ಪ್ರಿಂಗ್‌ಪ್ಯಾಡ್ 2014ರಲ್ಲಿಯೂ ಮುಚ್ಚಿದವು. ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಉಚಿತ ಬಳಕೆಯನ್ನು 50 ಟಿಪ್ಪಣಿ ಮತ್ತು ಒಂದು ನೋಟ್‌ಬುಕ್‌ಗೆ ಸೀಮಿತಗೊಳಿಸಿತು. ಉಚಿತವಾಗಿ ದೊರೆಯುವ ಸೇವೆಯ ಷರತ್ತುಗಳು ಯಾವಾಗ ಬೇಕಾದರೂ ಬದಲಾಗಬಹುದು.

4. ತಂತ್ರಾಂಶದ ದೋಷ: 2016ರಲ್ಲಿ ಎವರ್‌ನೋಟ್‌ನ ಮ್ಯಾಕ್ ಆವೃತ್ತಿಯ ಒಂದು ದೋಷದಿಂದ ಕೆಲವು ಟಿಪ್ಪಣಿಗಳೊಳಗಿನ ಚಿತ್ರಗಳೂ ಲಗತ್ತುಗಳೂ ಅಳಿಸಿಹೋಗುವ ಸಂಭವವಿದೆಯೆಂದು ಆ ಸಂಸ್ಥೆಯೇ ಬಳಕೆದಾರರಿಗೆ ತಿಳಿಸಿತ್ತು.

ನಕಲು ತೆಗೆಯುವ ವಿಧಾನ

ಗೂಗಲ್ ಕೀಪ್: ಗೂಗಲ್ ಟೇಕ್‌ಔಟ್ ಪುಟದಲ್ಲಿ ಕೀಪ್ ಒಂದನ್ನೇ ಆಯ್ಕೆ ಮಾಡಿದರೆ ಎಲ್ಲ ಟಿಪ್ಪಣಿಗಳೂ ಒಂದು ಜಿಪ್ ಕಡತವಾಗಿ ದೊರೆಯುತ್ತವೆ. ಅದರಲ್ಲಿ ಪ್ರತಿ ಟಿಪ್ಪಣಿಯೂ ಸಾಮಾನ್ಯ ಬ್ರೌಸರಿನಲ್ಲಿ ಓದಬಹುದಾದ ಎಚ್.ಟಿ.ಎಂ.ಎಲ್. ರೂಪದಲ್ಲಿಯೂ ಜೆಸನ್ ರೂಪದಲ್ಲಿಯೂ ಇರುತ್ತದೆ. 2 ತಿಂಗಳಿಗೊಮ್ಮೆಯಂತೆ 1 ವರ್ಷದವರೆಗೆ ತಾನಾಗಿಯೇ ನಕಲು ಸಿದ್ಧವಾಗುವ ಆಯ್ಕೆಯೂ ಅಲ್ಲಿದೆ. ಆದರೆ ಸಿದ್ಧವಾದ ಕಡತವನ್ನು ಇಳಿಸಿಕೊಳ್ಳುವ ಹೊಣೆ ಬಳಕೆದಾರರದೇ.

ಎವರ್‌ನೋಟ್: ಕಂಪ್ಯೂಟರಿನಲ್ಲಿ ಅಳವಡಿಸಿದ ತಂತ್ರಾಂಶದಿಂದ ಒಂದೊಂದೇ ನೋಟ್‌ಬುಕ್ಕನ್ನು ಎನೆಕ್ಸ್ ಕಡತವಾಗಿ ಹೊರತೆಗೆಯಬಹುದು. ನೋಟ್‌ಬುಕ್ಕಿನ ಹೆಸರು ಕಡತದ ಒಳಗೆ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ನೋಟ್‌ಬುಕ್ಕನ್ನೂ ಅದರ ಹೆಸರು ಮತ್ತು ದಿನಾಂಕವುಳ್ಳ ಪ್ರತ್ಯೇಕ ಕಡತವಾಗಿ ಇಡುವುದು ಲೇಸು.

ಒನ್‌ನೋಟ್: ವಿಂಡೋಸ್ ಕಂಪ್ಯೂಟರಿನ ಒನ್‌ನೋಟ್ ತಾನಾಗಿಯೇ ಬ್ಯಾಕಪ್ ತೆಗೆಯುತ್ತದೆ. ಫೈಲ್ ಪಟ್ಟಿಯ ಇನ್ಫೋ ಭಾಗದಲ್ಲಿರುವ ಓಪನ್ ಬ್ಯಾಕಪ್ಸ್ ಮೂಲಕ ಅವನ್ನು ತೆರೆಯಬಹುದು. ಆದರೆ ಈ ನಕಲು ಅದೇ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಡಿಸ್ಕ್ ಕೆಟ್ಟರೆ ನಕಲೂ ಹೋಗುತ್ತದೆ. ಆ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸುವುದು ಅವಶ್ಯ.

ಆ್ಯಪಲ್ ನೋಟ್ಸ್: ಐಕ್ಲೌಡ್‌ನಲ್ಲಿರುವ ಟಿಪ್ಪಣಿಗಳ ನಕಲನ್ನು ಆ್ಯಪಲ್ ಸಂಸ್ಥೆಯ ದತ್ತಾಂಶ ಮತ್ತು ಖಾಸಗಿತನ ಪುಟದ ಮೂಲಕ ಕೋರಿ ಪಡೆಯಬಹುದು.

ಮರುಸ್ಥಾಪನೆಯೇ ನಿಜವಾದ ಪರೀಕ್ಷೆ

ನಕಲು ತೆಗೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ತಾಳೆಪಟ್ಟಿ ತೆಗೆದು ನೋಡದ ಖಾತೆಪುಸ್ತಕವನ್ನು ಯಾವ ಲೆಕ್ಕಪರಿಶೋಧಕರೂ ನಂಬುವುದಿಲ್ಲ. ಹಾಗೆಯೇ ಒಮ್ಮೆಯಾದರೂ ತೆರೆದು ಓದಿ ನೋಡದ ಬ್ಯಾಕಪ್ಪನ್ನು ನಂಬಲಾಗದು.

ಪ್ರತಿ ತಂತ್ರಾಂಶದಲ್ಲಿಯೂ ಮರುಸ್ಥಾಪನೆಯ ಮಾರ್ಗ ಬೇರೆ. ಎನೆಕ್ಸ್ ಕಡತವನ್ನು ಎವರ್‌ನೋಟ್‌ಗೆ ಮರಳಿ ಸೇರಿಸಬಹುದು. ಆ್ಯಪಲ್ ನೋಟ್ಸ್ ಮತ್ತು ಜಾಪ್ಲಿನ್ ತಂತ್ರಾಂಶಗಳೂ ಅದನ್ನು ಸ್ವೀಕರಿಸುತ್ತವೆ. ಒನ್‌ನೋಟ್‌ನಲ್ಲಿ ಬ್ಯಾಕಪ್ಪಿನ ಪುಟವನ್ನು ತೆರೆದು ಬೇಕಾದ ನೋಟ್‌ಬುಕ್ಕಿಗೆ ನಕಲಿಸಬೇಕು. ಗೂಗಲ್ ಕೀಪ್‌ನಲ್ಲಾದರೋ, ಟೇಕ್‌ಔಟ್ ಕಡತವನ್ನು ಹಾಗೆಯೇ ಹಿಂದಕ್ಕೆ ಸೇರಿಸುವ ಏರ್ಪಾಡೇ ಇಲ್ಲ. ಅದನ್ನು ಓದಬಹುದು, ಮುದ್ರಿಸಬಹುದು, ಬೇಕಾದ ಭಾಗವನ್ನು ಕೈಯಿಂದ ಹೊಸ ಟಿಪ್ಪಣಿಗೆ ಏರಿಸಬಹುದು, ಅಷ್ಟೇ. ಈ ಮಿತಿಯನ್ನು ಮೊದಲೇ ಅರಿತವರು ನೂರಾರು ಸಾಲಿನ ಸರಕಿನ ಲೆಕ್ಕವನ್ನು ಕೀಪ್‌ನಲ್ಲಿ ಬೆಳೆಸುವ ಬದಲು ಬೇರೆ ಸಾಧನವನ್ನು ಆಯ್ದುಕೊಳ್ಳುವರು.

ಪರೀಕ್ಷೆಯ ಕ್ರಮ ಸರಳವಾಗಿದೆ. ನಕಲಿನ ಕಡತವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಬೇಕು. ಮೂಲದಲ್ಲಿರುವ ಟಿಪ್ಪಣಿಗಳ ಸಂಖ್ಯೆಯನ್ನು ನಕಲಿನ ಸಂಖ್ಯೆಯೊಡನೆ ಹೋಲಿಸಬೇಕು. ಹಳೆಯದೊಂದು, ಇತ್ತೀಚಿನದೊಂದು, ಛಾಯಾಚಿತ್ರವುಳ್ಳದ್ದೊಂದು, ಕನ್ನಡದಲ್ಲಿ ಬರೆದದ್ದೊಂದು, ಹೀಗೆ ನಾಲ್ಕು ಟಿಪ್ಪಣಿಗಳನ್ನು ಪೂರ್ತಿಯಾಗಿ ಓದಬೇಕು. ಅಕ್ಷರಗಳು ಕೆಟ್ಟಿದ್ದರೆ, ಚಿತ್ರಗಳು ಇಲ್ಲದಿದ್ದರೆ ಅದು ಆಗಲೇ ತಿಳಿಯುವುದು ಒಳಿತು. ಪರೀಕ್ಷೆಗೆಂದು ಮೂಲ ಟಿಪ್ಪಣಿಯನ್ನು ಎಂದಿಗೂ ಅಳಿಸಬಾರದು.

ಎಲ್ಲಿ ಇಡಬೇಕು?

ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರು ಪ್ರಚಾರಕ್ಕೆ ತಂದ 3-2-1 ಸೂತ್ರ ಇಲ್ಲಿಗೂ ಹೊಂದುತ್ತದೆ. ಒಟ್ಟು 3 ಪ್ರತಿಗಳು, 2 ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ 1 ಪ್ರತಿ ಬೇರೆ ಸ್ಥಳದಲ್ಲಿ ಇರಬೇಕು. ಕ್ಲೌಡ್‌ನಲ್ಲಿರುವ ಮೂಲ, ಕಚೇರಿಯ ಕಂಪ್ಯೂಟರಿನಲ್ಲೊಂದು ನಕಲು, ಮನೆಯ ಬೀರುವಿನಲ್ಲಿ ಹೊರಗಿನ ಡಿಸ್ಕಿನಲ್ಲೊಂದು ನಕಲು ಇದ್ದರೆ ಸೂತ್ರ ಪೂರ್ಣಗೊಂಡಂತೆ. ಹೊರತೆಗೆದ ಕಡತಗಳನ್ನು ಯಾರು ಬೇಕಾದರೂ ಓದಬಹುದಾದ್ದರಿಂದ ಆ ಡಿಸ್ಕಿಗೆ ಪಾಸ್‌ವರ್ಡ್ ಸಹಿತ ಗೂಢಲಿಪಿ ರಕ್ಷಣೆ ಇರಲಿ. ಬ್ಯಾಂಕಿನ ಪಾಸ್‌ವರ್ಡುಗಳನ್ನು ಟಿಪ್ಪಣಿಗಳಲ್ಲಿ ಬರೆಯದಿರುವುದೇ ಉತ್ತಮ.

ಕಾನೂನಿನ ದೃಷ್ಟಿ

ಜಿ.ಎಸ್.ಟಿ. ಅಧಿನಿಯಮದ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಪತ್ರದ ಕೊನೆಯ ದಿನಾಂಕದಿಂದ 72 ತಿಂಗಳುಗಳವರೆಗೆ ಕಾಯ್ದಿಡಬೇಕು. 2017ರ ಜಿ.ಎಸ್.ಟಿ. ನಿಯಮಗಳ 57ನೇ ನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ಬ್ಯಾಕಪ್ ಇರಬೇಕೆಂದೂ, ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆ ನಾಶವಾದಲ್ಲಿ ಸೂಕ್ತ ಕಾಲದೊಳಗೆ ಮಾಹಿತಿಯನ್ನು ಮರುಸ್ಥಾಪಿಸುವಂತಿರಬೇಕೆಂದೂ ಹೇಳುತ್ತದೆ. ಅಂದರೆ ಕಾನೂನು ಕೇಳುವುದು ನಕಲನ್ನು ಮಾತ್ರವಲ್ಲ, ಮರುಸ್ಥಾಪನೆಯ ಸಾಮರ್ಥ್ಯವನ್ನು ಸಹ. ಖಾಸಗಿ ನಿಯಮಿತ ಕಂಪನಿಗಳೂ ಸೇರಿದಂತೆ ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇರಿಸಬೇಕೆಂದು 2022ರ ಆಗಸ್ಟಿನಲ್ಲಿ ನಿಯಮ ತಿದ್ದುಪಡಿಯಾಗಿದೆ.

ಇನ್ನೊಂದು ಮುಖ್ಯ ವಿಷಯವಿದೆ. ಜಿ.ಎಸ್.ಟಿ. ನಿಯಮ 56ರ ಪ್ರಕಾರ ಲೆಕ್ಕದ ನಮೂದುಗಳನ್ನು ಅಳಿಸಿ ಬರೆಯುವಂತಿಲ್ಲ. ವಿದ್ಯುನ್ಮಾನ ದಾಖಲೆಯಾದರೆ ತಿದ್ದಿದ ಮತ್ತು ಅಳಿಸಿದ ಪ್ರತಿ ನಮೂದಿನ ವಿವರ ಉಳಿದಿರಬೇಕು. ಸಾಮಾನ್ಯ ಟಿಪ್ಪಣಿ ತಂತ್ರಾಂಶಗಳನ್ನು ಈ ಉದ್ದೇಶಕ್ಕಾಗಿ ರೂಪಿಸಿಲ್ಲ. ಆದಕಾರಣ ಟಿಪ್ಪಣಿಯು ಕಚ್ಚಾ ಚೀಟಿಯಾಗಿಯೇ ಇರಬೇಕು. ಅದರಲ್ಲಿನ ವ್ಯವಹಾರವು ಅಂದೇ ಲೆಕ್ಕಪುಸ್ತಕಕ್ಕೆ ಏರಬೇಕು. ವ್ಯಾಜ್ಯದ ಸಂದರ್ಭದಲ್ಲಿ ಟಿಪ್ಪಣಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಅಗತ್ಯವಾಗುತ್ತದೆ. ಆದುದರಿಂದ ಬ್ಯಾಕಪ್ ಕಡತಗಳನ್ನು ತಿದ್ದದೆ, ದಿನಾಂಕದೊಡನೆ, ಇದ್ದಂತೆಯೇ ಇರಿಸಬೇಕು.

ಅನುಸರಿಸಬಹುದಾದ ಕ್ರಮ

ಸಂಸ್ಥೆಯ ಟಿಪ್ಪಣಿಗಳು ಸಂಸ್ಥೆಯ ಹೆಸರಿನ ಖಾತೆಯಲ್ಲಿಯೇ ಇರಲಿ. ನೌಕರರ ಸ್ವಂತ ಖಾತೆಯಲ್ಲಿ ಬೇಡ. ಆ ಖಾತೆಯ ಮರುಪ್ರವೇಶದ ವಿವರ ಮಾಲೀಕರಲ್ಲದೆ ನಂಬಿಕೆಯ ಇನ್ನೊಬ್ಬರಿಗೂ ತಿಳಿದಿರಲಿ. ಪ್ರತಿ ತಿಂಗಳು ಜಿ.ಎಸ್.ಟಿ. ವಿವರಪತ್ರ ಸಲ್ಲಿಸುವ ದಿನವೇ ನಕಲು ತೆಗೆಯುವ ದಿನವಾಗಲಿ. ಆಗ ಮರೆಯುವ ಸಂಭವ ಕಡಿಮೆ. 3 ತಿಂಗಳಿಗೊಮ್ಮೆ ಮರುಸ್ಥಾಪನೆಯ ಪರೀಕ್ಷೆ ನಡೆದು, ನಡೆಸಿದವರ ಹೆಸರು ಮತ್ತು ದಿನಾಂಕ ಒಂದು ಪುಸ್ತಕದಲ್ಲಿ ದಾಖಲಾಗಲಿ. ನೌಕರರು ಕೆಲಸ ಬಿಡುವಾಗ ಬೀಗದ ಕೈಗಳನ್ನು ಒಪ್ಪಿಸುವಂತೆಯೇ ಟಿಪ್ಪಣಿಗಳನ್ನು ಸಹ ಒಪ್ಪಿಸಿ ಹೋಗುವ ಪದ್ಧತಿ ಬರಲಿ.

ಮೇಲಿನ ನಿದರ್ಶನದ ಘಟಕದಲ್ಲಿ ಹಿಂದಿನ ತಿಂಗಳ ಒಂದು ಜಿಪ್ ಕಡತ ಇದ್ದಿದ್ದರೆ, ಕಳೆದುಹೋಗುತ್ತಿದ್ದುದು ಹೆಚ್ಚೆಂದರೆ ಕೆಲವೇ ವಾರಗಳ ಬರಹ. ಚಲನ್ ಪುಸ್ತಕ ಮತ್ತು ಪ್ಲೇಟಿಂಗ್ ಮಾಡಿದವರ ಬಿಲ್ಲುಗಳ ನೆರವಿನಿಂದ ಅಷ್ಟನ್ನು ಒಂದೆರಡು ದಿನಗಳಲ್ಲಿ ಮತ್ತೆ ಬರೆದುಕೊಳ್ಳಬಹುದಿತ್ತು. ನಕಲು ತೆಗೆಯಲು ತಗಲುವ ವೆಚ್ಚ ತಿಂಗಳಿಗೆ ಅರ್ಧ ಗಂಟೆಯ ಸಮಯ ಮತ್ತು ಒಂದು ಡಿಸ್ಕಿನ ಬೆಲೆ ಮಾತ್ರ.