ಏಳು ವಾರ ನೀರು ಕಾಣದ ಗಾಳ

ಮನೆಮಂದಿಯೆಲ್ಲ ಬಾಗಿಲು ಹಾಕಿಕೊಂಡು ಕೂತ 2020ರ ಆ ದಿನಗಳನ್ನು ನೀವು ಮರೆತಿರಲಾರಿರಿ. ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ "ಮಧ್ಯಾಹ್ನಕ್ಕೇನು?" ಎಂಬ ಪ್ರಶ್ನೆ. ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಳ್ಳುವ ಹೊತ್ತಿಗೆ ಮತ್ತೆ ಕಾಫಿ. ಹಾಲು, ತರಕಾರಿ ತರುವ ನೆಪದಲ್ಲಿ ಗಂಡಸರಾದರೂ ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದರು. ನಮಗೆ ಹಿತ್ತಿಲು, ಇಲ್ಲವೇ ತಾರಸಿ. ಅಂಥ ಹೊತ್ತಿನಲ್ಲಿ ಯಾರಾದರೂ ಬಂದು, "ಜನರು ಗಾಳ ಹಾಕಿ ಮೀನು ಹಿಡಿಯೋದಕ್ಕೆ ಸರ್ಕಾರ ಬಿಡಬೇಕೋ ಬೇಡವೋ?" ಎಂದು ಕೇಳಿದ್ದರೆ, "ಇದೂ ಒಂದು ವಿಷಯವೇನ್ರೀ!" ಎಂದು ನಕ್ಕುಬಿಡುತ್ತಿದ್ದಿರಿ.

ಇಂಗ್ಲೆಂಡಿನಲ್ಲಿ ಮಾತ್ರ ಅದು ಸರ್ಕಾರದ ಮಟ್ಟಕ್ಕೆ ಹೋದ ವಿಷಯವಾಗಿತ್ತು.

ಅಲ್ಲಿ ಗಾಳ ಹಾಕುವುದೆಂದರೆ ಹೊಟ್ಟೆಪಾಡಲ್ಲ, ಹವ್ಯಾಸ. ಕೆರೆ, ಕಾಲುವೆ, ಹೊಳೆಗಳ ದಡದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಾರೆ. ಕಾರ್ಪ್‌ನಂಥ ಮೀನು ಸಿಕ್ಕರೆ ಹಿಡಿದು, ನೋಡಿ, ಸಾಮಾನ್ಯವಾಗಿ ಮತ್ತೆ ನೀರಿಗೇ ಬಿಡುತ್ತಾರೆ. "ಬಿಡೋದಕ್ಕೆ ಯಾಕೆ ಹಿಡೀಬೇಕು?" ಎಂದು ನೀವು ಕೇಳುವುದು ನ್ಯಾಯವೇ. ಅದಕ್ಕೆ ಅವರ ಉತ್ತರ ಮೀನಿನಲ್ಲಿಲ್ಲ, ಆ ಕೂರುವುದರಲ್ಲಿದೆ. ಯಾರೂ ಕರೆಯದ, ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಎರಡು ಗಂಟೆ. ಅದರ ಬೆಲೆ ನಮಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು, ಹೇಳಿ!

ಈ ಹವ್ಯಾಸಕ್ಕೂ ಅಲ್ಲಿ ಲೈಸೆನ್ಸ್ ಬೇಕು. 13 ವರ್ಷ ತುಂಬಿದವರೆಲ್ಲ ತೆಗೆದುಕೊಳ್ಳಬೇಕು. 13ರಿಂದ 16ರವರೆಗಿನ ಮಕ್ಕಳಿಗೆ ಅದು ಪುಕ್ಕಟೆ. ಹೀಗೆ ಬಂದ ಹಣ ನೀರು, ಮೀನುಗಳ ರಕ್ಷಣೆಗೇ ಹೋಗುತ್ತದೆ. ನಾಟಿಂಗ್‌ಹ್ಯಾಮ್ ಸೀಮೆಯ ಕ್ಯಾಲ್ವರ್ಟನ್ ಎಂಬಲ್ಲಿ ಸರ್ಕಾರದ ಮೀನುಮರಿ ಕೇಂದ್ರವಿದ್ದು, ಅಲ್ಲಿ ಸಾಕಿದ ಮರಿಗಳನ್ನು ಹೊಳೆಗಳಿಗೆ ಬಿಡುತ್ತಾರೆ. ಎಂದರೆ ಗಾಳ ನಿಂತರೆ ಈ ಕೆಲಸದ ಬೊಕ್ಕಸಕ್ಕೂ ಪೆಟ್ಟು.

2020ರ ಮಾರ್ಚ್ 23ರ ರಾತ್ರಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಟಿ.ವಿ.ಯಲ್ಲಿ ಕಾಣಿಸಿಕೊಂಡು, ಎಲ್ಲರೂ ಮನೆಯಲ್ಲೇ ಇರಬೇಕೆಂದರು. ದಿನಕ್ಕೊಮ್ಮೆ ವ್ಯಾಯಾಮಕ್ಕೆ ಹೊರಗೆ ಹೋಗಬಹುದು, ಅಷ್ಟೇ. ನಡೆಯುವುದು ವ್ಯಾಯಾಮ, ಓಡುವುದು ವ್ಯಾಯಾಮ, ಸೈಕಲ್ಲೂ ವ್ಯಾಯಾಮ. ದಡದಲ್ಲಿ ಸುಮ್ಮನೆ ಕೂತು ಬೆಂಡು ನೋಡುವುದು ವ್ಯಾಯಾಮ ಹೇಗಾದೀತು? ಗಾಳ ಮೂಲೆ ಸೇರಿತು.

ಒಬ್ಬರೇ ಕೂತು ಆಡುವ ಆಟಕ್ಕೆ ಯಾಕಿಷ್ಟು ಬಿಗಿ ಎಂದು ತೋರಬಹುದು. ಅಮೆರಿಕದ ಪಶ್ಚಿಮ ತೀರದ ವಾಷಿಂಗ್ಟನ್ ರಾಜ್ಯದಲ್ಲಿ ಆದದ್ದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಕೆಲಸಕ್ಕೆ ರಜೆ, ಶಾಲೆಗೆ ರಜೆ ಎಂದೊಡನೆ ಪಟ್ಟಣದ ಜನ ಕಾರು ಹತ್ತಿ ಹೊಳೆಗಳಿಗೆ ಹೊರಟರು. ದೋಣಿ ಇಳಿಸುವ ಜಾಗಗಳಲ್ಲಿ ಜಾತ್ರೆ. ಆಸ್ಪತ್ರೆ ಸೌಕರ್ಯ ಅಷ್ಟಾಗಿ ಇಲ್ಲದ ಸಣ್ಣ ಊರುಗಳವರು, "ರೋಗ ಹೊತ್ತು ತರ್ತಿದ್ದಾರಲ್ಲಪ್ಪ" ಎಂದು ಹೆದರಿದರು. ಮಾರ್ಚ್ ಕೊನೆಯ ವಾರ ಇಡೀ ರಾಜ್ಯದಲ್ಲಿ ಹವ್ಯಾಸದ ಗಾಳ ಬಂದ್ ಆಯಿತು. ಮತ್ತೆ ತೆರೆದದ್ದು ಮೇ 5ಕ್ಕೆ. ನನಗಂತೂ ಆ ಸಣ್ಣ ಊರುಗಳವರ ಮಾತೇ ಸರಿ ಎನಿಸುತ್ತದೆ. ನೀರಿನ ದಡದಲ್ಲಿ ಒಬ್ಬರೇ ಇರಬಹುದು. ಅಲ್ಲಿಗೆ ಹೋಗುವ ದಾರಿಯಲ್ಲಿ ಪೆಟ್ರೋಲ್ ಬಂಕಿದೆ, ಅಂಗಡಿಯಿದೆ, ಚಹಾ ಕುಡಿಯುವ ಜಾಗವಿದೆ.

ಇಂಗ್ಲೆಂಡಿನ ಗಾಳದವರು ಸುಮ್ಮನೆ ಗೊಣಗುತ್ತ ಕೂರಲಿಲ್ಲ. ಅವರ ಸಂಸ್ಥೆ ಆಂಗ್ಲಿಂಗ್ ಟ್ರಸ್ಟ್ ಒಂದು ಯೋಜನೆ ಬರೆದು ಸರ್ಕಾರದ ಮುಂದಿಟ್ಟಿತು. ಅದರ ಹೆಸರೇ "ನಾವು ಮತ್ತೆ ಗಾಳ ಹಾಕುವಾಗ" ಎಂಬ ಅರ್ಥದ್ದು. ಯಾರ ಪಕ್ಕ ಯಾರು, ಎಷ್ಟು ದೂರ ಕೂರಬೇಕು, ಸಾಮಾನು ಹಂಚಿಕೊಳ್ಳಬಾರದು ಎಂಬಂಥ ವಿಚಾರಗಳು. ಮೇ 13ರಂದು ಅನುಮತಿ ಬಂತು. ಗಾಲ್ಫ್, ಟೆನಿಸ್‌ಗಳ ಜೊತೆಗೆ ಮೊಟ್ಟಮೊದಲು ತೆರೆದ ಆಟಗಳಲ್ಲಿ ಇದೂ ಒಂದು. ಒಬ್ಬರೇ ಹೋಗಬಹುದು, ಮನೆಯವರೊಡನೆ ಹೋಗಬಹುದು, ಇಲ್ಲವೇ ಹೊರಗಿನ ಒಬ್ಬರೊಡನೆ 2 ಮೀಟರ್ ಅಂತರ ಇಟ್ಟುಕೊಂಡು. ಲೆಕ್ಕ ಹಾಕಿದರೆ ಏಳು ವಾರದ ಮೇಲೆ ಎರಡು ದಿನ.

ಅಲ್ಲೊಂದು ಸ್ವಾರಸ್ಯವಿದೆ. ಮೀನು ಮೊಟ್ಟೆಯಿಡುವ ಕಾಲವೆಂದು ಮಾರ್ಚ್ 15ರಿಂದ ಜೂನ್ 14ರವರೆಗೆ ಅಲ್ಲಿನ ಹೊಳೆಗಳಲ್ಲಿ ಕಾರ್ಪ್, ರೋಚ್‌ನಂಥ ಮೀನಿಗೆ ಗಾಳ ಹಾಕುವಂತಿಲ್ಲ. ಇದು ಕೊರೋನಾ ಕಟ್ಟಲೆಯಲ್ಲ, ಹಳೆಯ ಕಾಯಿದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೊದಲ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ಉಳಿಯುವುದಿಲ್ಲವೇ, ಹಾಗೆ. ಹೀಗಾಗಿ ಮೇ ತಿಂಗಳಲ್ಲಿ ಬಿಡುಗಡೆ ಸಿಕ್ಕವರೆಲ್ಲ ಕೆರೆಗಳಿಗೂ ಕಾಲುವೆಗಳಿಗೂ ನುಗ್ಗಿದರು. ಹಳಬರ ಜೊತೆ ಹೊಸಬರು, ಮಕ್ಕಳನ್ನು ಕಟ್ಟಿಕೊಂಡ ತಾಯಿತಂದೆಯರು. ಆ ವರ್ಷ ಲೈಸೆನ್ಸುಗಳ ಮಾರಾಟ ಹಿಂದಿನ ವರ್ಷಕ್ಕಿಂತ ಎಷ್ಟೋ ಏರಿತು. 2021ರ ಜನವರಿಯಲ್ಲಿ ಮತ್ತೆ ಬೀಗ ಬಿದ್ದಾಗ, ಊರ ಹತ್ತಿರದಲ್ಲೇ ಗಾಳ ಹಾಕುವುದನ್ನು ಸರ್ಕಾರ ವ್ಯಾಯಾಮವೆಂದೇ ಒಪ್ಪಿಕೊಂಡಿತು. ಹತ್ತು ತಿಂಗಳಲ್ಲಿ ಕೂರುವುದೂ ವ್ಯಾಯಾಮವಾಯಿತು ನೋಡಿ!

ಹೆಂಗಸರ ಮಾತಿಗೆ ಬರೋಣ. ಅಮೆರಿಕದಲ್ಲಿ 2020ರಲ್ಲಿ ಸುಮಾರು ಐದೂವರೆ ಕೋಟಿ ಜನ ಒಮ್ಮೆಯಾದರೂ ಗಾಳ ಹಿಡಿದರು ಎಂದು ಅಲ್ಲಿನ ಮೀನು ಹವ್ಯಾಸದ ಪ್ರತಿಷ್ಠಾನದ ಸಮೀಕ್ಷೆ ಹೇಳಿತು. ಅವರಲ್ಲಿ ಹೆಂಗಸರು, ಹುಡುಗಿಯರು ಎರಡು ಕೋಟಿಗೆ ಹತ್ತಿರ, ಅಲ್ಲಿಯವರೆಗಿನ ದಾಖಲೆ. ಸಿನಿಮಾ ಇಲ್ಲ, ಹೋಟೆಲಿಲ್ಲ, ನೆಂಟರ ಮನೆಯಿಲ್ಲ. ಮಕ್ಕಳನ್ನು ಕರೆದುಕೊಂಡು ಬಯಲಿಗೆ ಹೋಗಲು ಉಳಿದಿದ್ದ ಕೆಲವೇ ನೆಪಗಳಲ್ಲಿ ಇದೂ ಒಂದು. ಗಾಳ ಗಂಡಸರ ಸೊತ್ತೆಂಬುದು ಹೇಗೂ ಸುಳ್ಳು. 1496ರಲ್ಲಿ ಅಚ್ಚಾದ, ಗಾಳದ ಬಗ್ಗೆ ಇಂಗ್ಲಿಷಿನ ಹಳೆಯ ಪುಸ್ತಕವನ್ನು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದಳೆಂದು ಪ್ರತೀತಿಯಿದೆ. 1922ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬಾಕೆ ಸುಮಾರು ಎರಡು ಗಂಟೆ ಹೆಣಗಿ 64 ಪೌಂಡಿನ, ಎಂದರೆ 29 ಕಿಲೋ ತೂಗುವ ಸಾಲ್ಮನ್ ಮೀನನ್ನು ಎಳೆದಳು. ನೂರು ವರ್ಷ ದಾಟಿದರೂ ಬ್ರಿಟನ್ನಿನಲ್ಲಿ ಯಾವ ಗಂಡಸೂ ಆ ದಾಖಲೆ ಮುರಿದಿಲ್ಲ.

ಇಷ್ಟು ಜನ ಒಮ್ಮೆಗೇ ಬಂದರೆ ಮೀನಿನ ಗತಿಯೇನು? ಹಿಡಿದು ಬಿಡುವುದಕ್ಕೂ ಒಂದು ಕ್ರಮವಿದೆ. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷಾಕವಚ. ಒಣಗೈಯಲ್ಲಿ ಹಿಡಿದರೆ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಇಟ್ಟರೆ ಆ ಲೋಳೆ ಕಿತ್ತುಬಂದು ಮೀನಿಗೆ ರೋಗ ತಗಲುತ್ತದೆ. ಬಲ್ಲವರು ಕೈ ಒದ್ದೆ ಮಾಡಿಕೊಂಡೇ ಮುಟ್ಟುತ್ತಾರೆ. ಹಿಮ್ಮುಳ್ಳಿಲ್ಲದ ಕೊಕ್ಕೆ ಬಳಸುತ್ತಾರೆ. ಫೋಟೋ ಹುಚ್ಚಿನಲ್ಲಿ ಮೀನನ್ನು ನೀರಿನಿಂದ ಹೊರಗೆ ಬಹಳ ಹೊತ್ತು ಇಡುವುದಿಲ್ಲ. ಹೊಸಬರಿಗೆ ಇದೆಲ್ಲ ಯಾರು ಹೇಳಿಕೊಡಬೇಕು? ಹೇಳಿಕೊಡುವ ಹಿರಿಯರು 2 ಮೀಟರ್ ಆಚೆ ಕೂತಿದ್ದರು. ಹರಿದ ನೈಲಾನ್ ದಾರವನ್ನು ದಡದಲ್ಲೇ ಬಿಟ್ಟುಹೋದರೆ ಅದು ನೀರುಹಕ್ಕಿಗಳ ಕಾಲಿಗೆ ಉರುಳು.

ನಮ್ಮ ದೇಶದಲ್ಲಿ ಲೆಕ್ಕವೇ ಬೇರೆಯಾಗಿತ್ತು. 2020ರ ಏಪ್ರಿಲ್ 10ರಂದು ಕೇಂದ್ರ ಗೃಹ ಇಲಾಖೆ ಲಾಕ್‌ಡೌನಿನಿಂದ ವಿನಾಯಿತಿ ಕೊಟ್ಟದ್ದು ಮೀನುಗಾರಿಕೆ ಉದ್ಯಮಕ್ಕೆ, ಹೊಟ್ಟೆಪಾಡಿನ ಬಲೆಗೆ. ಹವ್ಯಾಸದ ಗಾಳವೇನೂ ನಮಗೆ ಹೊಸದಲ್ಲ. ಇಂಗ್ಲಿಷರ ಕಾಲದಿಂದಲೂ ಕಾವೇರಿ ಸೀಮೆಯ ಮಹಶೀರ್ ಗಾಳದವರ ಕನಸು. ಮೈಸೂರಿನ ವ್ಯಾನ್ ಇಂಗನ್ ಮನೆತನದ ಒಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎಳೆದದ್ದು ದಾಖಲೆಗೆ ಸೇರಿದೆ. ಕಾವೇರಿಯ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಕಾವೇರಿ ವನ್ಯಧಾಮದೊಳಗಿನ ಗಾಳದ ಶಿಬಿರಗಳು ಕೊರೋನಾ ಬರುವುದಕ್ಕೆ ವರ್ಷಗಳ ಮೊದಲೇ ನಿಂತಿದ್ದವು.

ಕೋಲಿಗೆ ದಾರ ಕಟ್ಟಿಕೊಂಡು ಕೆರೆಯ ಕಡೆ ಹೊರಡುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಹೊರಡುವ ಮುನ್ನ, ಆ ಕೆರೆಯನ್ನು ಮೀನು ಸಾಕಲು ಯಾರಿಗಾದರೂ ಗುತ್ತಿಗೆ ಕೊಟ್ಟಿದ್ದಾರೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ಹೂಳು ತೆಗೆದ ಕೆರೆಯಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ. ಈಜು ಬಲ್ಲ ದೊಡ್ಡವರಿಲ್ಲದೆ ಕಳಿಸಬೇಡಿ. ಬೆರಳಿಗೆ ಕೊಕ್ಕೆ ಚುಚ್ಚಿಕೊಂಡು ಬಂದರೆ ಜಗ್ಗಬೇಡಿ, ಒಳಗಿನ ಹಿಮ್ಮುಳ್ಳು ಮಾಂಸ ಹರಿಯುತ್ತದೆ. ದಾರ ಕತ್ತರಿಸಿ, ಕೊಕ್ಕೆ ಅಲುಗದಂತೆ ಶುಭ್ರ ಬಟ್ಟೆ ಸುತ್ತಿ ಡಾಕ್ಟರ ಬಳಿ ಕರೆದೊಯ್ಯಿರಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದೂ ಕೇಳಿ. ಕಣ್ಣಿನ ಹತ್ತಿರ ಚುಚ್ಚಿದ್ದರೆ ಬಟ್ಟೆಯನ್ನೂ ಒತ್ತಬೇಡಿ, ನೇರ ಆಸ್ಪತ್ರೆಗೇ ಹೋಗಿ.