ಬೆಳಕು ಮುಟ್ಟುವ ಜಾಗ: ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಬೆಳಕಿನಿಂದ ಕೆಲಸ ಮಾಡುವ ಪ್ರತಿಕಾಯಗಳು

ನಮ್ಮ ಕರಜಗಿ ಕಡೆ ವಯಸ್ಸಾದ ಗಂಡಸರು ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎದ್ದರೆ ‘ವಯಸ್ಸಾತು ಬಿಡ್ರಿ’ ಅಂತಾರ. ಬಹಳ ಮಂದಿಯಲ್ಲಿ ಅದು ಪ್ರಾಸ್ಟೇಟ್ ಗ್ರಂಥಿಯ ಸಾದಾ ಊತವೇ. ಆದರೆ ಈ ಗ್ರಂಥಿಯ ಕ್ಯಾನ್ಸರ್ ಶುರುವಿನಲ್ಲಿ ಯಾವ ಸೂಚನೆಯನ್ನೂ ಕೊಡದೆ ಇರಬಹುದು. ಬೆನ್ನು ನೋವು ಅಂತ ಸೊಲ್ಲಾಪುರಕ್ಕೆ ಹೋಗುವ ಹೊತ್ತಿಗೆ ಅದು ಎಲುಬಿಗೆ ಹರಡಿರಬಹುದು. ಈ ಮಾತು ನೆನಪಿರಲಿ, ಮುಂದೆ ಬೇಕಾಗ್ತದ.

ಈಗ ಚಿಕಿತ್ಸೆಗೆ ಬರೋಣ. ಪ್ರತಿಕಾಯ ಅಂದ್ರ ಒಂದು ನಿರ್ದಿಷ್ಟ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನ್. ಅದಕ್ಕೆ ಬೆಳಕು ಹೀರುವ ಬಣ್ಣವೊಂದನ್ನು ಜೋಡಿಸುತ್ತಾರೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಿಸಾತಾಕಾ ಕೊಬಯಾಶಿ ತಂಡ 2011ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಆ ಬಣ್ಣದ ಹೆಸರು ಐಆರ್ 700. ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಸುಮಾರು ಒಂದು ದಿನ ಕಾದು, ಗಡ್ಡೆಯ ಮೇಲೆ 690 ನ್ಯಾನೋಮೀಟರ್ ತರಂಗಾಂತರದ ಬೆಳಕು ಬಿಡುತ್ತಾರೆ. ಬೆಳಕು ತಾಗಿದಾಗ ಬಣ್ಣದ ಅಣುವಿನಿಂದ ನೀರಿಗೆ ಒಗ್ಗುವ ಭಾಗ ಕಳಚಿಬೀಳುತ್ತದೆ. ಉಳಿದದ್ದು ಗಂಟುಗಟ್ಟಿ ಕೋಶದ ಪೊರೆಯನ್ನು ಕೆಡಿಸುತ್ತದೆ. ನೀರು ಒಳನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಎಲ್ಲ ನಿಮಿಷಗಳ ಕೆಲಸ. ಜಪಾನ್ 2020ರಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರಿಗೆ ಇಂಥ ಔಷಧವನ್ನು ಒಪ್ಪಿತು.

ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಹುಡುಕುವ ಗುರುತು ಪಿಎಸ್‌ಎಂಎ ಎಂಬ ಪ್ರೋಟೀನ್. ಹೆಸರಿನಲ್ಲಿ ಪ್ರಾಸ್ಟೇಟಿಗೇ ಮೀಸಲು ಅಂತಿದ್ದರೂ ಮೂತ್ರಪಿಂಡ, ಲಾಲಾಗ್ರಂಥಿಗಳಲ್ಲೂ ಅದು ಇರ್ತದ. ಅದೇ ಗುರುತನ್ನು ಹಿಡಿಯುವ ಲುಟೀಶಿಯಂ ವಿಕಿರಣ ಚಿಕಿತ್ಸೆಯಲ್ಲಿ ಬಾಯಿ ಒಣಗುವುದಕ್ಕೆ ಇದೂ ಒಂದು ಕಾರಣ ಇರಬಹುದು. ಬೆಳಕಿನ ಔಷಧದಲ್ಲಿ ಹಂಗಿಲ್ಲ: ಪ್ರತಿಕಾಯ ಎಲ್ಲೇ ಅಂಟಿರಲಿ, ಬೆಳಕು ಬೀಳದಿದ್ದರೆ ಕೋಶ ಒಡೆಯುವುದಿಲ್ಲ. ಪ್ರತಿಕಾಯ ಒಂದು ಕೀಲಿ, ಬೆಳಕು ಇನ್ನೊಂದು. ಪಿಎಸ್‌ಎಂಎ ಪ್ರತಿಕಾಯಕ್ಕೆ ಐಆರ್ 700 ಜೋಡಿಸಿ ಇಲಿಗಳ ಮೇಲೆ ಮಾಡಿದ ಪ್ರಯೋಗವನ್ನು ಕೊಬಯಾಶಿ ತಂಡ 2017ರಲ್ಲಿ ಪ್ರಕಟಿಸಿತು.

ತೊಡಕೂ ಆ ಎರಡನೇ ಕೀಲಿಯಲ್ಲೇ ಅದ. ಈ ಬೆಳಕು ಮಾಂಸದೊಳಗೆ ಒಂದೆರಡು ಸೆಂಟಿಮೀಟರ್ ಇಳಿದರೆ ಹೆಚ್ಚು. ಪ್ರಾಸ್ಟೇಟ್ ಮೂತ್ರಕೋಶದ ಬುಡದಲ್ಲಿರುವುದರಿಂದ ಸೂಜಿಯ ಮೂಲಕ ಬೆಳಕಿನ ತಂತುಗಳನ್ನು ಒಳಗೇ ಇಳಿಸಬೇಕು. ಅದು ಸಾಧ್ಯ ಅನ್ನುವುದನ್ನು ಪ್ರತಿಕಾಯವಿಲ್ಲದ ಬೇರೊಂದು ಬೆಳಕಿನ ಔಷಧ, ಟೂಕಾಡ್, ತೋರಿಸಿದೆ. ಯುರೋಪಿನಲ್ಲಿ ಕಡಿಮೆ ಅಪಾಯದ ಕ್ಯಾನ್ಸರ್ ಇದ್ದ 413 ಗಂಡಸರ ಅಧ್ಯಯನದಲ್ಲಿ, ಎರಡು ವರ್ಷಕ್ಕೆ ರೋಗ ಮುಂದುವರಿದದ್ದು ಚಿಕಿತ್ಸೆ ಪಡೆದವರಲ್ಲಿ ಶೇ. 28, ಬರೀ ನಿಗಾದಲ್ಲಿದ್ದವರಲ್ಲಿ ಶೇ. 58. ಯುರೋಪ್ 2017ರಲ್ಲಿ ಅದನ್ನು ಒಪ್ಪಿತು. ಅಮೆರಿಕದ ಸಲಹಾ ಸಮಿತಿ 2020ರಲ್ಲಿ ಒಪ್ಪಲಿಲ್ಲ. ನನಗೆ ಆ ಹಿಂಜರಿಕೆ ಅರ್ಥವಾಗ್ತದ. ಅಂಥ ರೋಗಿಗಳಲ್ಲಿ ಅನೇಕರಿಗೆ ನಿಗಾ ಇಟ್ಟರೆ ಸಾಕು, ಚಿಕಿತ್ಸೆಯೇ ಬೇಕಾಗುವುದಿಲ್ಲ.

ಅಂದರೆ ಬೆಳಕು ಸುಲಭವಾಗಿ ಸಿಗುವುದು ಗ್ರಂಥಿಯೊಳಗೇ ಇರುವ ರೋಗಕ್ಕೆ. ನಮ್ಮ ಹಳ್ಳಿಯವರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೋಗ ಆ ಗಡಿ ದಾಟಿದ್ದರೆ ಈ ಚಿಕಿತ್ಸೆಯಿಂದ ಅವರಿಗೇನು ಬಂತು? ನಮ್ಮ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅಲ್ಲಿ ದಾಖಲಾದ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಮಾಣ ದಿಲ್ಲಿ, ಮುಂಬೈಗಿಂತ ಕಡಿಮೆ. ರೋಗವೇ ಕಡಿಮೆ ಇರಬಹುದು, ಆದರೆ ಪರೀಕ್ಷೆ ಕಡಿಮೆ ಆಗುವುದರ ಪಾಲೂ ಅದರಲ್ಲಿ ಅದ ಅಂತ ನನ್ನ ಅನಿಸಿಕೆ. ಇನ್ನೊಂದು, ಜಪಾನಿನ ಆ ಔಷಧ ಪಡೆದವರು ಕೆಲ ವಾರ ನೇರ ಬಿಸಿಲಿಗೆ ಬೀಳಬಾರದು. ಸೊಲ್ಲಾಪುರದ ಬೇಸಿಗೆಯಲ್ಲಿ ಕೂಲಿಗೆ ಹೋಗುವವನಿಗೆ ಇದನ್ನು ಹೇಳಿ ನೋಡ್ರಿ.

ಅಧ್ಯಕ್ಷರು ಕೇಳಿದ್ರು, ಹಾಗಾದರೆ ಎಲ್ಲರಿಗೂ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಬೇಕೇ ಅಂತ. ಬೇಡ ಸರ್. ಸಾದಾ ಊತದಲ್ಲೂ ಪಿಎಸ್‌ಎ ಏರ್ತದ, ಸುಮ್ಮನೆ ಬಯಾಪ್ಸಿಗೆ ಹೋಗಬೇಕಾದೀತು. ಆದರೆ ತಂದೆಗೋ ಅಣ್ಣನಿಗೋ ಈ ರೋಗ ಬಂದಿದ್ದವರು, ವಯಸ್ಸಾದ ಮೇಲೆ ಬೆನ್ನುನೋವು ಬಿಡದೆ ಕಾಡುವವರು ‘ವಯಸ್ಸಾತು’ ಅಂತ ಕೂಡದೆ ವೈದ್ಯರನ್ನು ಕಾಣಬೇಕು.