ನಿಮಗಿದು ಗೊತ್ತೆ? ತೀರ್ಪಿಗೆ ಮುನ್ನವೇ ಮುಳುಗಿದ ದ್ವೀಪ
ಬಂಗಾಳ ಕೊಲ್ಲಿಯಲ್ಲಿ ಹರಿಯಾಭಂಗಾ ನದಿ ಸಮುದ್ರ ಸೇರುವಲ್ಲಿ ಒಂದು ಮರಳುದಿಬ್ಬವಿತ್ತು. 1970ರ ಭೋಲಾ ಚಂಡಮಾರುತದ ನಂತರ ತಲೆಯೆತ್ತಿದ ಇದು ಭಾರತಕ್ಕೆ ನ್ಯೂ ಮೂರ್, ಬಾಂಗ್ಲಾದೇಶಕ್ಕೆ ದಕ್ಷಿಣ ತಾಲ್‌ಪಟ್ಟಿ. ಎತ್ತರ ಎರಡು ಮೀಟರ್ ದಾಟದು, ಮನೆಯಿಲ್ಲ, ಮಠವಿಲ್ಲ. ಆದರೂ 1981ರಲ್ಲಿ ಭಾರತದ ನೌಕಾಪಡೆ ಅಲ್ಲಿ ಬಾವುಟ ನೆಟ್ಟು ಬಂತು. ಕಣ್ಣಿದ್ದದ್ದು ಮರಳಿನ ಮೇಲಲ್ಲ ಬಿಡಿ, ಸುತ್ತಲಿನ ಕಡಲಿನ ಮೇಲೆ. ದಿಬ್ಬ ಕೈಗೆ ಬಂದರೆ ಕಡಲಗಡಿಯನ್ನು ಆಚೆ ಸರಿಸಬಹುದು. ತಳದಲ್ಲಿ ತೈಲ, ಅನಿಲ ಸಿಕ್ಕೀತೆಂಬ ಆಸೆ ಬೇರೆ. 2010ರಲ್ಲಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ತಜ್ಞರು ಉಪಗ್ರಹ ಚಿತ್ರಗಳನ್ನು ನೋಡಿ, ದ್ವೀಪ ಪೂರ್ತಿ ಮುಳುಗಿದೆ ಎಂದರು. ಹೇಗ್‌ನ ನ್ಯಾಯಮಂಡಳಿ ಕಡಲಗಡಿ ಗೊತ್ತು ಮಾಡಿದ್ದು 2014ರಲ್ಲಿ. ವಿವಾದದಲ್ಲಿದ್ದ 25,602 ಚದರ ಕಿ.ಮೀ. ಕಡಲಿನಲ್ಲಿ 19,467 ಬಾಂಗ್ಲಾಕ್ಕೆ ಹೋಯಿತು. ದ್ವೀಪವಿದ್ದ ಜಾಗ ಮಾತ್ರ ಭಾರತಕ್ಕೆ ಸಿಕ್ಕಿತು.